ಹಳೆಯ ಜ್ವರ

ಬೀದಿಯವರೆಲ್ಲ ಅವಳನ್ನು ದಬ್ಬಳ ಎಂದೇ ಕರೆಯುತ್ತಿದ್ದರು. ಹಾಸಿಗೆ ಹೊಲಿಯುವ ಆ ಉದ್ದನೆಯ ಸೂಜಿ ಸದಾ ಅವಳ ಕೈಯಲ್ಲಿರುತ್ತಿತ್ತು ಎಂಬುದು ಒಂದು ಕಾರಣ. ಆಳೂ ಹಾಗೆಯೇ, ಸಣಕಲು, ಉದ್ದ. ಮಾತಂತೂ ಎಷ್ಟು ದಪ್ಪದ ಹಾಸಿಗೆಯನ್ನಾದರೂ ತೂರಿ ಆಚೆ ಬರುವಂಥದ್ದು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರನ್ನು ಅವಳೇ ಮುಂದೆ ತಂದುಕೊಂಡಳು. "ದಬ್ಬಳ ಹೇಳಿದ ಮೇಲೆ ನಾಳೆ ಸಂಜೆಗೆ ಹಾಸಿಗೆ ರೆಡಿ. ನಿದ್ದೆ ಮಾತ್ರ ನೀವೇ ತಂದ್ಕೋಬೇಕು" ಎಂದು ಗಿರಾಕಿಗಳನ್ನು ಕಳಿಸುತ್ತಿದ್ದಳು.

ಅಂಗಡಿ ಎಂದರೆ ಒಂದೇ ಉದ್ದನೆಯ ಕೋಣೆ. ಹಿಂದಿನ ಗೋಡೆಗೆ ಹತ್ತಿ ಹಿಂಜುವ ಯಂತ್ರ. ಅದು ಗಂಡನ ಪಾಲು. ಗಂಟುಗಟ್ಟಿದ ಹಳೆಯ ಹತ್ತಿ ಒಂದು ಕಡೆ ಹೋಗಿ ಇನ್ನೊಂದು ಕಡೆ ಮೋಡದಂತೆ ಉದುರುತ್ತಿತ್ತು. ಮುಂದಿನ ಅರ್ಧದಲ್ಲಿ ಚಾಪೆ ಹಾಸಿ, ಗವಸಿಗೆ ಹತ್ತಿ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ಮೂಲೆಯಿಂದ ಮೂಲೆಗೆ ಹೊಲಿಗೆ ಹಾಕುವುದು ಅವಳ ಕೆಲಸ. ಸಂಜೆಯ ಹೊತ್ತಿಗೆ ಇಬ್ಬರ ಹುಬ್ಬು, ರೆಪ್ಪೆ, ಕಿವಿಯ ಕೂದಲೆಲ್ಲ ಬೆಳ್ಳಗಾಗಿರುತ್ತಿತ್ತು. "ಬಾಗಿಲು ಹಾಕುವಷ್ಟರಲ್ಲಿ ದಿನಾ ಮುದುಕರಾಗ್ತೀವಿ, ಮುಖ ತೊಳೆದ್ರೆ ಮತ್ತೆ ಮದುಮಕ್ಕಳು" ಎಂದು ಗಂಡ ನಗುತ್ತಿದ್ದ. ಅವನು ಹೆಚ್ಚು ಮಾತಿನವನಲ್ಲ. ಯಂತ್ರದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವೆಂದು ರೂಢಿಯಾದ ಮೌನ ಯಂತ್ರ ನಿಂತ ಮೇಲೂ ಉಳಿದುಬಿಟ್ಟಿತ್ತು.

ಮದುವೆಯಾಗುವಾಗ ಇಬ್ಬರಿಗೂ ಮೂವತ್ತು ಮುಟ್ಟಿತ್ತು. ಮಕ್ಕಳಾಗಲಿಲ್ಲ. ಮೊದಲ ವರ್ಷ ಅದು ಯಾರಿಗೂ ಮಾತಾಗಲಿಲ್ಲ. ಎರಡನೆಯ ವರ್ಷ ಪಕ್ಕದ ಓಣಿಯಲ್ಲಿದ್ದ ಗಂಡನ ಅಕ್ಕ ಬಂದಾಗಲೆಲ್ಲ ಅವಳ ಹೊಟ್ಟೆಯ ಕಡೆ ಒಮ್ಮೆ ನೋಡಿ ಆಮೇಲೆ ಮುಖ ನೋಡುತ್ತಿದ್ದಳು. ಅತ್ತಿಗೆ ಕೆಟ್ಟವಳಲ್ಲ. ಅಮ್ಮ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. "ತಮ್ಮನ ಮಗುನ ಒಂದ್ಸಲ ಎತ್ಕೊಂಡ್ರೆ ನನ್ನ ಕೆಲಸ ಮುಗೀತು" ಎನ್ನುತ್ತಿದ್ದಳು. ಗಂಡ ಮಾತ್ರ "ಆಗುತ್ತೆ ಬಿಡು, ಅವಸರ ಏನು" ಎನ್ನುತ್ತಿದ್ದ. ವರ್ಷಗಳು ಹಾಗೆ ಸರಿದವು.

ಯಾವುದಕ್ಕೂ ಬಾಯಿ ಕಟ್ಟದ ದಬ್ಬಳಕ್ಕೆ ಈ ಒಂದು ವಿಷಯದಲ್ಲಿ ಮಾತು ಹೊರಡುತ್ತಿರಲಿಲ್ಲ. ಅವಳಿಗೊಂದು ಭಯವಿತ್ತು. ಮೊದಲಿಂದಲೂ ಅವಳ ತಿಂಗಳ ಸ್ರಾವ ಕಡಿಮೆಯೇ. ಈಚಿನ ಎರಡು ವರ್ಷಗಳಲ್ಲಿ ಅದು ಇನ್ನೂ ಇಳಿದು ಬರೀ ಕಲೆಯಷ್ಟಾಗಿತ್ತು. ತಿಂಗಳು ತಿಂಗಳೂ ಆ ಕಲೆಯನ್ನು ನೋಡುವಾಗ, ಬಾಗಿಲೊಂದು ಮೆಲ್ಲಗೆ ಮುಚ್ಚಿಕೊಳ್ಳುತ್ತಿದೆ, ತಾನು ನೋಡುತ್ತ ನಿಂತಿದ್ದೇನೆ ಎನಿಸುತ್ತಿತ್ತು. ಒಂದು ಬೆಳಿಗ್ಗೆ ಗಂಡನಿಗೆ ದಾರ ತರಲು ಹೋಗುತ್ತೇನೆಂದು ಹೇಳಿ ಒಬ್ಬಳೇ ಆಸ್ಪತ್ರೆಗೆ ಹೋದಳು.

ಚೀಟಿ ಬರೆಯುವ ನರ್ಸ್ ಕೇಳಿದ ಮೊದಲ ಮಾತೇ, "ನಿಮ್ಮವರೆಲ್ಲಿ?"

"ತೊಂದರೆ ನನಗೇ ಇರೋದು ಮೇಡಂ."

"ಅದನ್ನ ನೀವೇ ಹೇಳ್ಬಿಟ್ರೆ ಡಾಕ್ಟ್ರು ಯಾಕೆ? ಇಬ್ಬರೂ ಬನ್ನಿ. ಇಬ್ಬರಿಗೂ ಟೆಸ್ಟ್ ಮಾಡ್ತೀವಿ. ಅರ್ಧ ಜನ ಗಂಡಸ್ರನ್ನ ಮನೇಲೇ ಬಿಟ್ಟು ಬರ್ತಾರೆ."

ಅವಳು ದಾರ ಕೊಂಡು ಮನೆಗೆ ಬಂದಳು. ಸಂಜೆ ಯಂತ್ರ ನಿಂತ ಮೇಲೆ ಹೇಳಿದಳು. ಗಂಡ ಹುಬ್ಬಿನ ಹತ್ತಿ ಒರೆಸಿಕೊಳ್ಳುತ್ತ, "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಎಂದ.

"ಗುಂಡುಕಲ್ಲಿಗೂ ಮಕ್ಕಳಾಗಲ್ಲ ರೀ" ಎಂದಳು ಅವಳು.

ಅವನಿಗೆ ನಗು ಬಂತು. ನಕ್ಕವನು ಸೋತ ಹಾಗೆಯೇ. ಮರುವಾರ ಇಬ್ಬರೂ ಹೋದರು.

ಕಾಯುವ ಕೋಣೆಯಲ್ಲಿ ಜನ ತುಂಬಿದ್ದರೂ ಮಾತಿರಲಿಲ್ಲ. ಬೇರೆ ಆಸ್ಪತ್ರೆಗಳಲ್ಲಿ ಪಕ್ಕದವರ ರೋಗ ಕೇಳಿ, ತಮ್ಮದನ್ನೂ ಹೇಳಿ, ಹೊರಡುವಷ್ಟರಲ್ಲಿ ನೆಂಟರಾಗುವವರು ಇಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಗೋಡೆಯ ಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಗುವ ಕೂಸಿನ ದೊಡ್ಡ ಚಿತ್ರ. ಅದಕ್ಕೆ ಬೆನ್ನು ಕೊಟ್ಟಿದ್ದ ಕುರ್ಚಿಗಳೇ ಮೊದಲು ತುಂಬಿದ್ದವು.

ಡಾಕ್ಟರಮ್ಮ ನಡುವಯಸ್ಸಿನವರು, ಕನ್ನಡಕದ ಮೇಲಿಂದ ನೋಡುವವರು. ಮೊದಲ ದಿನವೇ ಒಳಗೆ ಮಲಗಿಸಿ ಏನೇನೋ ಮಾಡುತ್ತಾರೆಂದು ಅವಳು ಹೆದರಿದ್ದಳು. ಹಾಗೇನೂ ಆಗಲಿಲ್ಲ. ಮೊದಲು ಬರೀ ಪ್ರಶ್ನೆಗಳು. ಮದುವೆಯಾಗಿ ಎಷ್ಟು ವರ್ಷ, ತಿಂಗಳು ಸರಿಯಾಗಿ ಬರುತ್ತಾ, ಎಷ್ಟು ದಿನ, ನೋವಿರುತ್ತಾ, ಎಂದಾದರೂ ಬಸಿರಾಗಿ ಇಳಿದುಹೋಗಿತ್ತಾ, ವಾರಕ್ಕೆ ಎಷ್ಟು ಸಲ ಕೂಡುತ್ತೀರಿ. ಕೊನೆಯದಕ್ಕೆ ಗಂಡ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನೋಡುತ್ತ ಕುಳಿತ. ಅವಳೇ ಉತ್ತರಿಸಿದಳು. ಆಮೇಲೆ ಅವನ ಸರದಿ. ಬೀಡಿ, ಸಿಗರೇಟು, ಕುಡಿತ ಇದೆಯಾ, ಚಿಕ್ಕವರಿದ್ದಾಗ ಕೆಪ್ಪಟೆ ಬಾವು ಬಂದಿತ್ತಾ, ಅಲ್ಲಿ ಪೆಟ್ಟು ಬಿದ್ದಿತ್ತಾ.

ಮತ್ತೆ ಅವಳ ಕಡೆ ತಿರುಗಿ ಡಾಕ್ಟರಮ್ಮ ಕೇಳಿದರು, "ದೊಡ್ಡ ಕಾಯಿಲೆ ಏನಾದ್ರೂ ಆಗಿತ್ತಾ? ಆಪರೇಷನ್ನು, ಟಿಬಿ, ಥೈರಾಯ್ಡು?"

ಹತ್ತೊಂಬತ್ತರ ವಯಸ್ಸಿನಲ್ಲಿ ಅವಳಿಗೆ ಜ್ವರ ಬಂದಿತ್ತು. ಸಂಜೆಯಾದರೆ ಏರುವ, ಬೆಳಗಾದರೆ ಬೆವರಿ ಇಳಿಯುವ ಜ್ವರ, ಕೆಮ್ಮು. ಟಿಬಿ ಎಂದಿದ್ದರು. ಆರು ತಿಂಗಳು ಮಾತ್ರೆ ನುಂಗಿ ವಾಸಿಯಾಯಿತು. ಅವಳ ತಾಯಿ ಆ ಮಾತ್ರೆಯ ಹಾಳೆಗಳನ್ನೆಲ್ಲ ಒಲೆಗೆ ಹಾಕಿ, "ಇದು ಈ ಬಾಗಿಲು ದಾಟಬಾರದು. ಗೊತ್ತಾದ್ರೆ ನಿನ್ನ ಯಾರೂ ಮದುವೆ ಆಗಲ್ಲ. ವಾಸಿಯಾದ ಕಾಯಿಲೆಗೆ ಹೆಸರು ಯಾಕೆ?" ಎಂದಿದ್ದಳು. ಹೇಳದೆ ಹೇಳದೆ ಅವಳಿಗೇ ಅದು ಯಾರಿಗೋ ಆದದ್ದು ಎಂಬಂತಾಗಿತ್ತು.

"ಟಿಬಿ ಆಗಿತ್ತು" ಎಂದಳು. ಪಕ್ಕದ ಕುರ್ಚಿಯ ಕಡೆ ನೋಡಲಿಲ್ಲ. ಕುರ್ಚಿ ಒಮ್ಮೆ ಕಿರುಗುಟ್ಟಿದ್ದು ಕೇಳಿಸಿತು.

ಡಾಕ್ಟರಮ್ಮ ಬಯ್ಯಲಿಲ್ಲ. ಯಾವಾಗ, ಎಷ್ಟು ದಿನ ಔಷಧಿ, ಪೂರ್ತಿ ಮುಗಿಸಿದ್ದಿರಾ ಎಂದಷ್ಟೇ ಕೇಳಿ ಬರೆದುಕೊಂಡರು. ಆ ಕಾಯಿಲೆ ಕೆಲವರಲ್ಲಿ ಎದೆಯಿಂದ ಗರ್ಭಕೋಶಕ್ಕೂ ಅಂಡನಾಳಕ್ಕೂ ಸದ್ದಿಲ್ಲದೆ ಇಳಿಯುತ್ತದೆ, ಎಲ್ಲರಿಗೂ ಹಾಗಾಗುವುದಿಲ್ಲ, ನೋಡದೆ ಏನೂ ಹೇಳಲಾಗುವುದಿಲ್ಲ ಎಂದರು. ಅವಳಿಗೆ ರಕ್ತ ಪರೀಕ್ಷೆ, ಸ್ಕ್ಯಾನು, ನಾಳ ತೆರೆದಿದೆಯೇ ಎಂದು ನೋಡಲು ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ. ಅವನಿಗೆ ವೀರ್ಯ ಪರೀಕ್ಷೆ.

ಅವನ ಪರೀಕ್ಷೆ ಅಂದೇ ಆಯಿತು. ನರ್ಸ್ ಕೊಟ್ಟ ಪುಟ್ಟ ಡಬ್ಬಿ ಹಿಡಿದು ಕಾರಿಡಾರಿನ ಕೊನೆಯ ಕೋಣೆಗೆ ಹೋದವನು ಎಷ್ಟೋ ಹೊತ್ತಿನ ಮೇಲೆ ಕಿವಿ ಕೆಂಪಗೆ ಮಾಡಿಕೊಂಡು ಬಂದ. ಬೇರೆ ದಿನವಾಗಿದ್ದರೆ ಅವಳು ಅದರ ಮೇಲೆ ಒಂದು ವರ್ಷಕ್ಕಾಗುವಷ್ಟು ತಮಾಷೆ ಮಾಡುತ್ತಿದ್ದಳು. ಅಂದು ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತು ಬೇರೆಬೇರೆ ಕಿಟಕಿ ನೋಡುತ್ತ ಬಂದರು.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೂ ಉತ್ತರ ಕೊಡಲು ಬರುತ್ತಿತ್ತು. ಕೆಲವು ದಿನ ಕಳೆದ ಮೇಲೆ ಯಾರದೋ ಹಳೆಯ ಹಾಸಿಗೆಯ ಹೊಲಿಗೆ ಬಿಚ್ಚುತ್ತ, ತಲೆ ಎತ್ತದೆ ಹೇಳಿದ, "ಕಾಯಿಲೆ ಬಂತು ಅಂತ ಬೇಜಾರಿಲ್ಲ. ಕಾಯಿಲೆ ಯಾರಿಗೆ ಬರಲ್ಲ? ಇಷ್ಟು ವರ್ಷ ನಾನು 'ಆಗುತ್ತೆ ಬಿಡು' ಅಂತಿದ್ನಲ್ಲ, ಅದನ್ನ ಕೇಳ್ಕೊಂಡು ಸುಮ್ನೆ ಇದ್ದೆಯಲ್ಲ ನೀನು."

"ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ನನಗೆ ಗೊತ್ತಿರಲಿಲ್ಲ ರೀ."

"ಗೊತ್ತಿರಲಿಲ್ಲ ಸರಿ. ಅನುಮಾನಾನೂ ಬರಲಿಲ್ವಾ?"

ಅನುಮಾನ ಬಂದಿತ್ತು. ಬಂದಾಗಲೆಲ್ಲ ಕಂಬಳಿ ಮುಚ್ಚಿ ಮಲಗಿಸಿದ್ದಳು.

ಎಕ್ಸ್‌ರೇ ದಿನ ಅವನು ಜೊತೆಗೆ ಬಂದ. ತಣ್ಣನೆಯ ಮೇಜಿನ ಮೇಲೆ ಮಲಗಿಸಿ ಬಣ್ಣದ ದ್ರವ ಬಿಟ್ಟಾಗ ಕೆಳಹೊಟ್ಟೆ ಹಿಂಡಿದಂತಾಯಿತು. "ಸ್ವಲ್ಪ ತಡ್ಕೊಳ್ಳಿ, ಮುಗೀತು, ಮುಗೀತು" ಎಂದು ನರ್ಸ್ ಅವಳ ಭುಜ ಹಿಡಿದಿದ್ದಳು. ದ್ರವ ನಾಳಗಳ ತುದಿಯವರೆಗೆ ಹರಿದು ಆಚೆ ಚೆಲ್ಲಬೇಕಿತ್ತಂತೆ. ಎರಡು ಕಡೆಯೂ ಬುಡದಲ್ಲೇ ನಿಂತುಬಿಟ್ಟಿತು. ಗರ್ಭಕೋಶದೊಳಗೂ ಅದು ತುಂಬಬೇಕಾದಂತೆ ತುಂಬಿರಲಿಲ್ಲ. ಇನ್ನೊಮ್ಮೆ ಅರಿವಳಿಕೆ ಕೊಟ್ಟು ಸಣ್ಣ ಕ್ಯಾಮೆರಾ ಹಾಕಿ ಒಳಗೆ ನೋಡಿದರು. ಕಾಯಿಲೆ ಈಗಿಲ್ಲ, ಪೂರ್ತಿ ಹೋಗಿದೆ ಎಂಬುದೊಂದೇ ಒಳ್ಳೆಯ ಸುದ್ದಿ.

ಎಲ್ಲ ಬಂದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿದರು. ಗಂಡನದು ಎಲ್ಲ ಸರಿಯಿತ್ತು. ಅದನ್ನು ಕೇಳಿ ಅವನು ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ.

"ನಾಳ ಮುಚ್ಚಿದ್ರೆ ಹೊರಗೆ ಭ್ರೂಣ ಮಾಡಿ ಒಳಗಿಡೋ ದಾರಿ ಇದೆ. ಆದ್ರೆ ಅದು ಕಚ್ಚಿ ಕೂತ್ಕೊಳ್ಳೋ ಗರ್ಭಕೋಶದ ಒಳಪದರಾನೇ ಕಲೆಗಟ್ಟಿ ಅಂಟ್ಕೊಂಡು ಹೋಗಿದೆ. ಬಿಡಿಸೋಕೆ ನೋಡಿದ್ವಿ, ಬರಲಿಲ್ಲ. ಅಂಡಗಳೂ ತುಂಬಾ ಕಡಿಮೆ ಉಳಿದಿವೆ. ಮಾಡಿ ನೋಡೋಣ ಅಂತ ನಾನು ಹೇಳಬಹುದು. ಹೇಳೋರು ಬೇರೆ ಕಡೆ ಸಿಗ್ತಾರೆ. ಆದ್ರೆ ನಿಮಗೆ ಭರವಸೆ ಕೊಟ್ರೆ ಸುಳ್ಳು ಹೇಳಿದ ಹಾಗಾಗುತ್ತೆ."

ದಬ್ಬಳ ಕೇಳಿದಳು, "ಮೊದಲೇ ಬಂದಿದ್ರೆ? ಮದುವೆಯಾದ ಹೊಸದ್ರಲ್ಲಿ?"

ಗಂಡ ತಲೆ ಎತ್ತಿದ. ಆ ಪ್ರಶ್ನೆ ಅವನದಾಗಿತ್ತು. ಅವಳು ಅವನಿಗಾಗಿ ಕೇಳಿದ್ದಳು.

ಡಾಕ್ಟರಮ್ಮ ಕನ್ನಡಕ ತೆಗೆದರು. "ಅಂಡ ಇನ್ನಷ್ಟು ಇರ್ತಿತ್ತು. ಗರ್ಭಕೋಶ ಆಗಲೇ ಹೀಗಿತ್ತೋ, ಆಮೇಲೆ ಆಯ್ತೋ, ನನಗೆ ಗೊತ್ತಿಲ್ಲಮ್ಮ. ಯಾರಿಗೂ ಗೊತ್ತಾಗಲ್ಲ."

ಹೌದು ಎಂದಿದ್ದರೆ ಅವನು ಅವಳನ್ನು ದೂರಬಹುದಿತ್ತು, ಇಲ್ಲ ಎಂದಿದ್ದರೆ ಕ್ಷಮಿಸಬಹುದಿತ್ತು. ಗೊತ್ತಿಲ್ಲ ಎಂಬುದನ್ನು ಹಿಡಿದುಕೊಂಡು ಇಬ್ಬರೂ ಮನೆಗೆ ಬಂದರು.

ಅತ್ತಿಗೆಗೆ ಅವಳೇ ಹೋಗಿ ಹೇಳಿದಳು. ಟಿಬಿಯ ಸಂಗತಿಯನ್ನೂ ಬಿಡಲಿಲ್ಲ. ಅತ್ತಿಗೆ ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೊತ್ತಿಕೊಂಡಳು. "ನನ್ನ ತಮ್ಮನ ಬದುಕು ಹೀಗಾಯ್ತಲ್ಲೇ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಿನ್ನದೂನೂ" ಎಂದು ಸೇರಿಸಿದಳು. ಆದರೆ ಅಷ್ಟರಲ್ಲಿ ಮೊದಲ ಮಾತು ಹೋಗಿ ನಾಟಿತ್ತು. ಮುಂದೆ ಅವಳು ತಮ್ಮನ ಮನೆಗೆ ಬರುವುದು ಕಡಿಮೆಯಾಯಿತು. ಒಮ್ಮೆ ಮಾತ್ರ ಬಂದು, ಅನಾಥ ಮಗುವನ್ನು ತಂದು ಸಾಕಿಕೊಳ್ಳುವ ಮಾತೆತ್ತಿದಳು. ಅವನು "ಈಗ ಬೇಡಕ್ಕ" ಎಂದ. ಆ 'ಈಗ' ಮುಗಿಯಲೇ ಇಲ್ಲ.

ಅವನು ತನ್ನನ್ನು ಬಿಟ್ಟು ಹೋಗುತ್ತಾನೆಂದು ದಬ್ಬಳ ತಿಂಗಳುಗಟ್ಟಲೆ ಕಾದಳು. ಒಂದು ಭಾನುವಾರ ತಾನೇ ಬಾಯಿಬಿಟ್ಟು, "ಇನ್ನೊಂದು ಮದುವೆ ಆಗ್ತೀನಿ ಅಂದ್ರೆ ನಾನು ಅಡ್ಡ ಬರಲ್ಲ" ಎಂದಳು.

"ಹುಚ್ಚು ಹುಚ್ಚಾಗಿ ಮಾತಾಡಬೇಡ" ಎಂದು ಅವನು ಎದ್ದು ಹೊರಗೆ ಹೋದ. ಅದರಲ್ಲಿ ಪ್ರೀತಿಯಿತ್ತೋ, ಬರೀ ದಣಿವಿತ್ತೋ ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಿತ್ತೆಂದು ಹೇಳಲಾಗದು.

ಕೆಲಸ ನಿಲ್ಲಲಿಲ್ಲ. ಜನ ಮಲಗುವುದನ್ನು ಬಿಡುವುದಿಲ್ಲವಲ್ಲ. ಆದರೆ ಗಿರಾಕಿಗಳ ಜೊತೆ ಅವಳ ಹಳೆಯ ತಮಾಷೆ ನಿಂತಿತು. "ನಾಳೆ ಸಂಜೆ ಬನ್ನಿ" ಎಂದಷ್ಟೇ ಹೇಳುತ್ತಿದ್ದಳು. ದಬ್ಬಳ ಮೊಂಡಾಯಿತು ಎಂದು ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು. ತಿರುಗಿ ಒಂದು ಮಾತು ಎಸೆಯಬೇಕೆಂದು ಕೂಡ ಅವಳಿಗೆ ಅನಿಸಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಯಂತ್ರ ನಿಂತಿತ್ತು. ಗಂಡ ಬಂದು ಅವಳ ಎದುರು ಹತ್ತಿಯ ರಾಶಿಗೆ ಒರಗಿ ಕುಳಿತ. ಅಂಗೈಯಲ್ಲಿ ಹತ್ತಿಯ ಗಂಟೊಂದನ್ನು ಬಿಡಿಸುತ್ತ ಕೇಳಿದ, "ಆಗ ಮಾತ್ರೆ ಕಹಿ ಇತ್ತಾ?"

ಯಾವಾಗ ಎಂದು ಅವಳು ಕೇಳಲಿಲ್ಲ. "ಕಹಿ ಪರವಾಗಿಲ್ಲ. ಉಚ್ಚೆ ಕೆಂಪಗೆ ಹೋಗ್ತಿತ್ತು. ಮೊದಲ ದಿನ ನೋಡಿ ಸತ್ತೇ ಹೋಗ್ತೀನಿ ಅಂದ್ಕೊಂಡಿದ್ದೆ."

"ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ."

ಅವನು ತಲೆಯಾಡಿಸಿದ. ಆಮೇಲೆ ಅವಳು ತಾನಾಗಿಯೇ ಆ ವರ್ಷದ ಸಂಗತಿಗಳನ್ನು ಹೇಳತೊಡಗಿದಳು. ತನಗೆ ಬೇರೆ ಇಟ್ಟಿದ್ದ ತಟ್ಟೆ, ಹಿತ್ತಿಲ ಕೋಣೆ, ಗೆಳತಿಯರಿಗೆ ಅವಳು ಊರಲ್ಲಿಲ್ಲ ಎಂದು ತಾಯಿ ಹೇಳುತ್ತಿದ್ದುದು, ಬಾಗಿಲ ಸಂದಿಯಿಂದ ತಾನು ಅದನ್ನು ಕೇಳಿಸಿಕೊಳ್ಳುತ್ತಿದ್ದುದು. ಅವನು ಕೇಳುತ್ತ ಕುಳಿತಿದ್ದ. ಕರೆಂಟು ಬಂದಾಗ ಎದ್ದು ಯಂತ್ರದ ಕಡೆ ಹೋದ. ಅವರ ಬಾಳಿನಲ್ಲಿ ಅದಕ್ಕಿಂತ ಹತ್ತಿರದ ಮಧ್ಯಾಹ್ನ ಮತ್ತೆ ಬರಲಿಲ್ಲ. ಅದರಿಂದ ಯಾವುದೂ ಸರಿಹೋಗಲೂ ಇಲ್ಲ.

ಮರುವರ್ಷ ಅವಳಿಗೆ ತಿಂಗಳಿಗೊಮ್ಮೆ ಕಾಣುತ್ತಿದ್ದ ಆ ಕಲೆಯೂ ಕಾಣದಾಯಿತು. ಈ ಸಲ ಬಚ್ಚಿಡಲಿಲ್ಲ. ಅವಳು ಗವಸಿನ ಬಾಯಿ ಅಗಲಿಸಿ ಹಿಡಿದಿದ್ದಾಗ, ಅವನು ಹತ್ತಿ ತುಂಬುತ್ತಿದ್ದಾಗ ಹೇಳಿದಳು, "ನಿಂತೋಯ್ತು ರೀ."

ಅವನ ಕೈ ಒಂದು ಗಳಿಗೆ ಗವಸಿನೊಳಗೇ ನಿಂತಿತು.

"ಹ್ಞೂಂ" ಎಂದ. "ಆ ಮೂಲೆ ಸ್ವಲ್ಪ ಎತ್ತಿ ಹಿಡಿ."

ಅವಳು ಎತ್ತಿ ಹಿಡಿದಳು.