ಅಡಕೆ ಮರದ ಮೇಲಿನ ಮೂವತ್ತೇಳನೆಯ ನಂಬರು

ತೀರ್ಥರಾಮ ನನ್ನ ವಿದ್ಯಾರ್ಥಿ ಎಂದರೆ ನಮ್ಮ ಕಾಲೇಜಿನ ಆಫೀಸಿನವರು ಒಪ್ಪುವುದಿಲ್ಲ. ಅವರ ಯಾವ ರಿಜಿಸ್ಟರಿನಲ್ಲೂ ಅವನ ಹೆಸರಿಲ್ಲ. ಅವನು ನನಗಿಂತ ನಾಲ್ಕೇ ವರ್ಷ ಚಿಕ್ಕವನು, ಗಡಿಯ ಹಳ್ಳಿ ಮಂಡೆಕೋಲಿನಲ್ಲಿ ಅಡಕೆ ಮರ ಹತ್ತುವುದು ಅವನ ಕಸುಬು. ಆದರೆ ನನ್ನ ಇಪ್ಪತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಒಂದು ಕ್ಲಾಸನ್ನೂ ತಪ್ಪಿಸದೆ, ಒಮ್ಮೆಯೂ ತೂಕಡಿಸದೆ ಕೇಳಿದವನು ಅವನೊಬ್ಬನೇ. ತೂಕಡಿಸಿದ್ದರೆ ಐವತ್ತು ಅಡಿ ಕೆಳಗೆ ಬೀಳುತ್ತಿದ್ದ, ಅದೂ ಒಂದು ಕಾರಣ ಇರಬಹುದು.

ನಾನು ಉದಯಶಂಕರ, ಸುಳ್ಯದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕ. ಕೊರೊನಾ ಬಂದ ವರ್ಷ ನಮ್ಮ ಪ್ರಿನ್ಸಿಪಾಲರು ಒಂದು ಸುತ್ತೋಲೆ ಕಳಿಸಿದರು: ಪಾಠ ನಿಲ್ಲಬಾರದು, ಮಕ್ಕಳು ಬರಬಾರದು. ಹಾಗಾಗಿ ನಾನು ಮನೆಯ ಅಡುಗೆಕೋಣೆಯ ಪಕ್ಕ ಸ್ಟೂಲಿನ ಮೇಲೆ ಫೋನ್ ಒರಗಿಸಿ, ಮೇಲೆ ಇಸ್ತ್ರಿಯ ಶರಟು, ಕೆಳಗೆ ಲುಂಗಿ ಸುತ್ತಿಕೊಂಡು, ಅರವತ್ತೆರಡು ಕಪ್ಪು ಚೌಕಗಳಿಗೆ ಭಾರತದ ಸಂವಿಧಾನ ಕಲಿಸಲು ಕುಳಿತೆ. ಹತ್ತು ನಿಮಿಷಕ್ಕೊಮ್ಮೆ "ಕೇಳ್ತಾ ಉಂಟಾ?" ಎಂದು ಕೇಳುತ್ತಿದ್ದೆ. ಉತ್ತರ ಬರುತ್ತಿದ್ದುದು ನನ್ನ ಹೆಂಡತಿ ಊರ್ಮಿಳಾಳ ಕುಕ್ಕರಿನಿಂದ ಮಾತ್ರ. ದೇಶದ ಉನ್ನತ ಶಿಕ್ಷಣ ಆ ವರ್ಷ ಉಳಿದದ್ದು ಹೀಗೆ. ಉಳಿಯಿತು ಎಂದು ವರದಿಯೂ ಹೋಯಿತು, ಬರೆದವನು ನಾನೇ.

ಆ ಕಪ್ಪು ಚೌಕಗಳಲ್ಲಿ ಒಂದಕ್ಕೆ ಮಾತ್ರ ಜೀವ ಇತ್ತು. ಮೂವತ್ತೇಳನೆಯ ನಂಬರು, ಗಾನಶ್ರೀ, ಎರಡನೆಯ ಬಿ.ಎ. ಮಾತಾಡುತ್ತಿರಲಿಲ್ಲ, ಆದರೆ ಕೇಳಿದ ಪ್ರಶ್ನೆಗೆ ಬರೆದು ಉತ್ತರ ಕಳಿಸುತ್ತಿದ್ದಳು. ಗ್ರಾಮಸಭೆಗೆ ಜನ ಯಾಕೆ ಬರುವುದಿಲ್ಲ ಎಂದು ಒಂದು ದಿನ ಕೇಳಿದೆ. ಉಳಿದವರು ಗೂಗಲಿನಿಂದ ಎತ್ತಿದ "ಅರಿವಿನ ಕೊರತೆ" ಎಂಬ ಎರಡು ಪದವನ್ನು ಒಂದೇ ಅಕ್ಷರ ಬದಲಿಸದೆ ಒಬ್ಬರ ಹಿಂದೊಬ್ಬರು ಹಾಕಿದರು. ಮೂವತ್ತೇಳು ಬರೆದದ್ದು ಬೇರೆ: ಮಳೆ ಬಿಟ್ಟ ದಿನ ನೋಡಿಯೇ ಸಭೆ ಇಡುತ್ತಾರೆ, ಮಳೆ ಬಿಟ್ಟ ದಿನ ಎಲ್ಲರೂ ಅಡಕೆಗೆ ಮದ್ದು ಬಿಡುವ ಗಡಿಬಿಡಿಯಲ್ಲಿ ಇರುತ್ತಾರೆ, ಸಭೆಗೆ ಬರುವುದು ಕೆಲಸ ಇಲ್ಲದವರು, ಆದ್ದರಿಂದ ನಿರ್ಣಯಗಳೂ ಹಾಗೆಯೇ ಇರುತ್ತವೆ. ನಾನು ಹಿಗ್ಗಿ ಹೀರೇಕಾಯಿಯಾದೆ. ಈ ಹುಡುಗಿಯನ್ನು ಎಂ.ಎ.ಗೆ ಕಳಿಸಬೇಕು ಎಂದು ಅಂದೇ ಊರ್ಮಿಳಾಳ ಹತ್ತಿರ ಹೇಳಿದೆ. "ಹುಡುಗಿ ಮದ್ದು ಬಿಡುವ ಕಷ್ಟ ಇಷ್ಟು ಹೇಗೆ ಬಲ್ಲಳು?" ಎಂದು ಅವಳು ಕೇಳಿದಳು. ನಾನು ಆ ಪ್ರಶ್ನೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಡೆದದ್ದು ಏನೆಂದರೆ, ಗಾನಶ್ರೀಯ ಮನೆ ಮಂಡೆಕೋಲಿನ ಒಂದು ತಗ್ಗಿನಲ್ಲಿ. ಅಂಗಳದಲ್ಲಿ ನೆಟ್‌ವರ್ಕಿನ ಒಂದು ಕಡ್ಡಿಯೂ ಸಿಗದು. ಆದರೆ ಅಡಕೆ ಮರದ ತುದಿಗೆ ಹೋದರೆ ಗಡಿಯ ಆಚೆಯ ಕೇರಳದ ಟವರು ಸ್ವಾಗತ ಕೋರಿ ಮೂರು ಕಡ್ಡಿ ಕೊಡುತ್ತದೆ. ಅವರ ತೋಟಕ್ಕೆ ಕೊಳೆರೋಗ ತಡೆಯುವ ನೀಲಿ ಬೋರ್ಡೋ ಮದ್ದು ಬಿಡಲು ಬರುತ್ತಿದ್ದವನು ತೀರ್ಥರಾಮ. ಅವಳ ಅಪ್ಪ ಕೃಷ್ಣಮೋಹನ ಭಟ್ಟರು ಒಂದು ಉಪಾಯ ಮಾಡಿದರು: ಮಗಳ ಫೋನು ತೀರ್ಥರಾಮನ ಕಿಸೆಯಲ್ಲಿ ಮೇಲೆ ಹೋಗುವುದು, ಅಲ್ಲಿಂದ ಹಾಟ್‌ಸ್ಪಾಟ್ ಕೆಳಗೆ ಇಳಿಯುವುದು, ಮಗಳು ಮರದ ಬುಡದಲ್ಲಿ ಅಪ್ಪನ ಫೋನು ಹಿಡಿದು ಪಾಠ ಕೇಳುವುದು.

ಭಟ್ಟರು ಮರೆತದ್ದು ಒಂದೇ. ನುರಿತವರು ಒಂದು ಮರ ಮುಗಿದ ಮೇಲೆ ಕೆಳಗೆ ಇಳಿಯುವುದಿಲ್ಲ. ಮರವನ್ನು ತೂಗಿ, ಬಗ್ಗಿಸಿ, ಪಕ್ಕದ ಮರವನ್ನು ಹಿಡಿದು ಅದಕ್ಕೇ ದಾಟುತ್ತಾರೆ. ತೀರ್ಥರಾಮ ದಾಟಿದಂತೆ ಕಾಲೇಜೂ ಮರದಿಂದ ಮರಕ್ಕೆ ದಾಟಿತು. ಗಾನಶ್ರೀ ಕೊಡೆ, ಪುಸ್ತಕ, ಉಪ್ಪಿನ ಪೊಟ್ಟಣ ಹಿಡಿದು ಅದರ ಹಿಂದೆ ಓಡಿದಳು. ಉಪ್ಪು ಜಿಗಣೆಗೆ. ಮೇಲಿನಿಂದ ತೊಟ್ಟಿಕ್ಕಿದ ಮದ್ದಿಗೆ ಮೂಲಭೂತ ಹಕ್ಕುಗಳ ನೋಟ್ಸೆಲ್ಲ ನೀಲಿಯಾಯಿತು. ಮೂರನೆಯ ದಿನ ಅವಳು ಕೊಡೆ ಮಡಚಿ, ತೀರ್ಥಣ್ಣ, ನೀವೇ ನನ್ನ ನಂಬರು ಒತ್ತಿ ಹಾಜರಿ ಹಾಕಿಬಿಡಿ ಎಂದು ಹೇಳಿ ಮನೆಗೆ ಹೋಗಿ ಮಲಗಿದಳು. ಅವಳನ್ನು ಬೈಯುವ ಮುಖ ನನಗಿಲ್ಲ. ಮದ್ದಿನ ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಕೇಳುವಷ್ಟು ದೊಡ್ಡ ಪಾಠವನ್ನು ನಾನು ಯಾವತ್ತೂ ಮಾಡಿಲ್ಲ.

ತೀರ್ಥರಾಮ ನಂಬರು ಒತ್ತಿದ. ಒತ್ತಿದ ಮೇಲೆ ಸುಮ್ಮನಿರಲಾಗದೆ ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡ, ಕೇಳಿದ ಪ್ರಶ್ನೆಗೆ ಅವಳ ಹೆಸರಿನಲ್ಲಿ ಉತ್ತರವನ್ನೂ ಬರೆದ. ಮದ್ದು ಮುಗಿದು ಕೊಯ್ಲು ಬಂದರೂ ಆ ಫೋನು ಅವನ ಕಿಸೆಯಲ್ಲೇ ಉಳಿಯಿತು. ಅವನಿಗೆ ಇದು ಹೊಸದಲ್ಲ, ಅರ್ಧಕ್ಕೆ ಬಿಟ್ಟದ್ದು. ಪಿಯುಸಿ ಮುಗಿಸಿ ಸುಳ್ಯದಲ್ಲಿ ಬಿ.ಎ.ಗೆ ಸೇರಿದ್ದ. ಮೂರನೆಯ ತಿಂಗಳು ಅಪ್ಪ ಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಅಪ್ಪ ಬಿದ್ದ ಮರಕ್ಕೆ ಮರುವಾರ ಮಗ ಹತ್ತಿದ. ಆ ಮೇಲೆ ಹದಿನೆಂಟು ವರ್ಷ ಕಾಲೇಜಿನ ಸುದ್ದಿ ಎತ್ತಲಿಲ್ಲ. ಈಗ ಕಾಲೇಜೇ ಮರ ಹತ್ತಿ ಬಂದಿತ್ತು.

ಸಿಕ್ಕಿಬಿದ್ದದ್ದು ಎರಡನೆಯ ಅಲೆಯ ಮಳೆಗಾಲದಲ್ಲಿ, ಇಂಟರ್ನಲ್ ಮೌಖಿಕ ಪರೀಕ್ಷೆಯ ದಿನ. ಕ್ಯಾಮೆರಾ ತೆರೆಯದವರಿಗೆ ಅಂಕ ಇಲ್ಲ ಎಂದು ಪ್ರಿನ್ಸಿಪಾಲರ ಅಪ್ಪಣೆ. ಗಾನಶ್ರೀ ಹನ್ನೊಂದು ಗಂಟೆಗೆ ಅವನಿಂದ ಫೋನು ಇಸಕೊಂಡು, ನೆಟ್‌ವರ್ಕ್ ಸಿಗುವ ದೂರದ ಬಸ್‌ಸ್ಟ್ಯಾಂಡಿಗೆ ಓಡುವ ಏರ್ಪಾಡು ಮಾಡಿಕೊಂಡಿದ್ದಳು. ಆದರೆ ಒಂದರಿಂದ ಮೂವತ್ತಾರರವರೆಗೆ ಮುಕ್ಕಾಲುಪಾಲು ಜನ ನೆಟ್‌ವರ್ಕ್ ಇಲ್ಲ ಎಂದು ಮಾಯವಾದ್ದರಿಂದ ಅವಳ ಸರದಿ ಹತ್ತು ಗಂಟೆಗೇ ಬಂತು. ಗಾನಶ್ರೀ, ಕ್ಯಾಮೆರಾ, ಎಂದೆ. ಎರಡು ಸಲ ಎಂದೆ. ಅಂಕ ಹೋಗುತ್ತದೆ ಎಂದು ಗದರಿದೆ. ಹುಡುಗಿಯ ಅಂಕ ಹೋದೀತೆಂದು ಹೆದರಿದವನು ಗುಂಡಿ ಒತ್ತಿಬಿಟ್ಟ.

ಮೊದಲು ಆಕಾಶ ಕಂಡಿತು. ಆಮೇಲೆ ಅಡಕೆಯ ಸೋಗೆ. ಆಮೇಲೆ ತಲೆಗೆ ಅಡಕೆ ಹಾಳೆಯ ಟೊಪ್ಪಿ, ಮುಟ್ಟಾಳೆ, ಇಟ್ಟ, ಮುಖದ ತುಂಬ ನೀಲಿ ಚುಕ್ಕೆಗಳಿದ್ದ, ಮೀಸೆಯ ಗಾನಶ್ರೀ.

"ಪ್ರೆಸೆಂಟ್ ಸರ್" ಎಂದಿತು ಮೀಸೆ.

ಒಂದು ವರ್ಷದಿಂದ ಸತ್ತು ಮಲಗಿದ್ದ ಕಪ್ಪು ಚೌಕಗಳೆಲ್ಲ ಆ ಕ್ಷಣ ಬೆಳಗಿದವು. ನನ್ನ ವಿದ್ಯಾರ್ಥಿಗಳ ಮುಖಗಳನ್ನು ನಾನು ಮೊದಲ ಬಾರಿಗೆ ನೋಡಿದ್ದು ಅಂದೇ, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಕೆಂಡದಂಥ ಕೋಪ ಬಂತು. ಯಾರು ನೀನು ಎಂದೆ. ನಾನು ತೀರ್ಥರಾಮ ಸರ್, ಗಾನಶ್ರೀ ಕೆಳಗೆ ಉಂಟು, ಇಳಿದು ಕರೆಯುದಾ ಎಂದು ಕೇಳಿದ. ನನ್ನ ಮರ್ಯಾದೆ ಅವನಿಗಿಂತ ಎತ್ತರದಿಂದ ಬಿದ್ದಿತ್ತು. ಅವನದ್ದನ್ನೂ ತೆಗೆಯಬೇಕೆಂದು, ಇಳಿಯುವುದು ಬೇಡ, ಒಕ್ಕೂಟ ವ್ಯವಸ್ಥೆ ಎಂದರೆ ಎಂತ ಹೇಳು ನೋಡುವ ಎಂದೆ.

ಅವನು ಮರವನ್ನು ಇನ್ನೊಂದು ಕೈಯಲ್ಲಿ ತಬ್ಬಿಕೊಂಡ. "ಸರ್, ನಾನೀಗ ಇರುವ ಮರ ಕರ್ನಾಟಕದ್ದು. ಫೋನಿಗೆ ಸಿಗುದು ಕೇರಳದ ಟವರ್. ಕೊರೊನಾಕ್ಕೆ ಗಡಿಯ ರಸ್ತೆಗೆ ಮಣ್ಣು ಸುರಿದು ಬಂದ್ ಮಾಡಿದರಲ್ಲ, ಆಗ ಆಚೆಗೆ ಮದುವೆಯಾಗಿ ಹೋದ ನನ್ನ ತಂಗಿಗೆ ಈಚೆ ಬರ್ಲಿಕ್ಕೆ ಆಗ್ಲಿಲ್ಲ. ಟವರ್ ಮಾತ್ರ ಬಂತು. ಯಾವುದು ಗಡಿ ದಾಟಬಹುದು, ಯಾವುದು ದಾಟಬಾರದು ಅಂತ ಮೇಲೆ ಕೂತವರು ಜಗಳ ಮಾಡುದು, ಕೆಳಗಿನವರು ಕಾಯುದು. ಅದೇ ಒಕ್ಕೂಟ."

ನಗು ನಿಂತಿತು. ನಾನು ಪೆನ್ನು ತೆಗೆದು ಇಪ್ಪತ್ತಕ್ಕೆ ಹತ್ತೊಂಬತ್ತು ಹಾಕಿದೆ. ಹಾಕಿದ್ದು ಗಾನಶ್ರೀಯ ಹೆಸರಿನ ಮುಂದೆ, ಯಾಕೆಂದರೆ ಅವನಿಗೆ ಹಾಕಲು ನನ್ನ ಹತ್ತಿರ ಸಾಲು ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು, ಒಪ್ಪುತ್ತೇನೆ. ಮುಟ್ಟಾಳೆಯ ಫೋಟೋ ಊರೆಲ್ಲ ಸುತ್ತಿ ಪ್ರಿನ್ಸಿಪಾಲರಿಗೂ ಮುಟ್ಟಿ, ಅವರು ಲಿಖಿತ ವಿವರಣೆ ಕೇಳಿದರು. ನೆಟ್‌ವರ್ಕ್ ತೊಂದರೆ ಎಂದು ಬರೆದುಕೊಟ್ಟೆ. ಆ ಎರಡು ವರ್ಷ ದೇಶದಲ್ಲಿ ಆ ಎರಡು ಪದ ಎಲ್ಲ ಪಾಪವನ್ನೂ ತೊಳೆಯುತ್ತಿತ್ತು.

ಆ ಮೇಲೆ ಅವನಿಗೆ ನಾನೇ ಲಿಂಕ್ ಕಳಿಸತೊಡಗಿದೆ. ನನ್ನ ಪಾಠ ಹೇಗೆ ಎಂದು ಒಮ್ಮೆ ಆಸೆಯಿಂದ ಕೇಳಿದೆ. ಇತಿಹಾಸದ ಸರ್ ಪುಸ್ತಕ ಓದುತ್ತಾರೆ, ಇಂಗ್ಲಿಷಿನ ಮೇಡಂ ಒಳ್ಳೆಯವರು ಆದರೆ ತನಗೆ ತಲೆಗೆ ಹೋಗುವುದಿಲ್ಲ, ನಿಮ್ಮದು ತೊಂದರೆ ಇಲ್ಲ ಎಂದ. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮಳೆ ಕಮ್ಮಿಯಾಗುವ ಹೊತ್ತಿಗೆ ಕಾಲೇಜು ತೆರೆಯಿತು. ಗೇಟಿಗೆ ಬಾಳೆಕಂದು ಕಟ್ಟಿ, ಮಕ್ಕಳಿಗೆ ಹೂವು ಕೊಟ್ಟು ಒಳಗೆ ಬಿಟ್ಟೆವು. ಅರವತ್ತೆರಡರಲ್ಲಿ ಬಂದದ್ದು ಮೂವತ್ತು. ಬಂದವರು ಬೆಂಚಿನ ಮೇಲೆ ಕೂತು ನನ್ನನ್ನು ಆಫ್ ಮಾಡುವ ಗುಂಡಿ ಎಲ್ಲಿದೆ ಎಂಬಂತೆ ನೋಡುತ್ತಿದ್ದರು. ನೋಟ್ಸು ಗ್ರೂಪಿಗೆ ಹಾಕಿ ಸರ್, ಎಂದರು. ಗಾನಶ್ರೀ ಮಾಸ್ಕಿನ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ಅಂದು ಸಂಜೆ ತೀರ್ಥರಾಮನ ಫೋನು ಬಂತು. ಲಿಂಕ್ ಬರಲಿಲ್ಲವಲ್ಲ ಎಂದ. ಇನ್ನು ಲಿಂಕ್ ಇಲ್ಲ, ಕಾಲೇಜು ಓಪನ್ ಆಯಿತು ಎಂದೆ, ಬಹಳ ಸಂತೋಷದಿಂದ.

"ಹಾಗಾದರೆ ನಮಗೆ ಬಂದ್ ಆಯ್ತು" ಎಂದ ಅವನು.

ಮರುದಿನದಿಂದ ಡಸ್ಟರಿಗೆ ಫೋನು ಒರಗಿಸಿ ಅವನಿಗೆ ಕರೆ ಮಾಡಿ ಪಾಠ ಮಾಡಿದೆ. ಹತ್ತು ದಿನ ನಡೆಯಿತು. ಹನ್ನೊಂದನೆಯ ದಿನ ಉಳಿದ ಮೂವತ್ತು ಮಂದಿಯೂ ತಮಗೂ ಮನೆಯಲ್ಲೇ ಫೋನಿನಲ್ಲಿ ಪಾಠ ಬರಲಿ ಎಂದು ಅರ್ಜಿ ಕೊಟ್ಟರು. ಪ್ರಿನ್ಸಿಪಾಲರು ಬಂದು ಡಸ್ಟರನ್ನು ಬೋರ್ಡು ಒರಸಲು ಮಾತ್ರ ಬಳಸತಕ್ಕದ್ದು ಎಂದು ಹೇಳಿ ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಉಳಿದ ದಾರಿ ಮುಕ್ತ ವಿಶ್ವವಿದ್ಯಾಲಯ. ಅವನ ಅರ್ಜಿಯನ್ನು ಗಾನಶ್ರೀಯೇ ತುಂಬಿಸಿದಳು. ಆದಿತ್ಯವಾರಗಳಲ್ಲಿ ಪುತ್ತೂರಿನಲ್ಲಿ ಪಾಠ. ಅಲ್ಲಿ ಅವನ ಪಕ್ಕದ ಬೆಂಚಿನಲ್ಲಿ ಟೈಲರ್ ಝೈನಬ, ಮಗನ ಆನ್‌ಲೈನ್ ಕ್ಲಾಸಿಗೆ ಹೊಲಿಗೆ ಮೆಷಿನಿನ ಮೇಲೆ ಫೋನಿಟ್ಟು ಕಾವಲು ಕೂತು ಕೂತು ಮಗನಿಗಿಂತ ತಾನೇ ಕಲಿತವಳು. ಕೊರೊನಾ ಮಕ್ಕಳನ್ನು ಕಾಲೇಜಿನಿಂದ ಓಡಿಸಿ ದೊಡ್ಡವರನ್ನು ಒಳಗೆ ತಳ್ಳಿದೆ ಎಂದು ಯಾವ ವರದಿಯಲ್ಲೂ ನಾನು ಓದಿಲ್ಲ. ಬರೆಯಬೇಕಾದವರು ನಮ್ಮಂಥವರೇ ಆದ ಮೇಲೆ ಹೇಗೆ ಬಂದೀತು?

ಮೂರು ವರ್ಷ ಮುಗಿಯುತ್ತಾ ಬಂತು. ಊರಿನವರೆಲ್ಲ ಅವನನ್ನು ಡಿಗ್ರಿ ಎಂದು ಕರೆಯತೊಡಗಿದರು. ಕಡೆಯ ವರ್ಷದ ಕಡೆಯ ಪೇಪರು ರಾಜ್ಯಶಾಸ್ತ್ರ, ಕಳೆದ ಜುಲೈಯಲ್ಲಿ, ಪುತ್ತೂರಿನಲ್ಲಿ, ಮಧ್ಯಾಹ್ನ ಎರಡಕ್ಕೆ. ಅದು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಅವನಿಗೆ ನಲವತ್ತೊಂದು, ಇನ್ನೊಂದು ವರ್ಷ ಕಾಯುವ ಗಂಡಲ್ಲ, ಬಿಟ್ಟರೆ ಬಿಟ್ಟನೇ ಎಂದು ನನಗೆ ಗೊತ್ತಿತ್ತು. ಹನ್ನೊಂದು ದಿನ ಬಿಡದೆ ಹೊಯ್ದ ಮಳೆ, ಹಾಳಾದ್ದು, ಪರೀಕ್ಷೆಯ ಹಿಂದಿನ ದಿನ ನಿಂತಿತು. ಒಣಗಿದ ಒಂದೆರಡು ದಿನದಲ್ಲಿ ಮದ್ದು ಬೀಳದಿದ್ದರೆ ಕೊಳೆರೋಗ ಬಂದು ಕಾಯಿಯೆಲ್ಲ ಉದುರುತ್ತದೆ. ಊರಿನಲ್ಲಿ ಹತ್ತುವವರು ಉಳಿದದ್ದು ಇಬ್ಬರು, ಇನ್ನೊಬ್ಬನಿಗೆ ಜ್ವರ.

ಸಂಜೆ ಭಟ್ಟರು ನನಗೇ ಫೋನು ಮಾಡಿದರು. "ಡಿಗ್ರಿ ಮುಂದಿನ ವರ್ಷವೂ ಸಿಗ್ತದೆ ಮಾರಾಯ್ರೆ. ಉದುರಿದ ಅಡಕೆ ಮತ್ತೆ ಮರಕ್ಕೆ ಹತ್ತುದಿಲ್ಲ. ನೀವೇ ಒಂದು ಮಾತು ಹೇಳಿ ಅವನಿಗೆ." ನಾನು ತೀರ್ಥರಾಮನಿಗೆ ಹೇಳಿದ್ದು ಬೇರೆಯೇ, ಏನೇ ಆಗಲಿ ಪರೀಕ್ಷೆಗೆ ಹೋಗು ಎಂದು. ಅವನು ಎಲ್ಲ ಕೇಳಿ, ಇಪ್ಪತ್ತಮೂರು ವರ್ಷ ಅನ್ನ ಕೊಟ್ಟ ಮರ, ನಾಳೆ ಒಂದು ದಿನ ನಾನು ಬರುದಿಲ್ಲ ಅಂತ ಹೇಗೆ ಹೇಳುದು ಸರ್, ಎಂದ. ಸಂವಿಧಾನದಲ್ಲಿ ಕೊಳೆರೋಗದ ವಿಧಿ ಇಲ್ಲ.

ಮರುದಿನ ನಡೆದದ್ದನ್ನು ಅವನೇ ಆಮೇಲೆ ಹೇಳಿದ. ಬೆಳಿಗ್ಗೆ ಅವನು ಮರಕ್ಕೆ ಹತ್ತಿ ಒಂದು ಸಾಲಿನ ಕಾಲುಭಾಗ ಮುಗಿಸಿದ್ದ. ಗಾನಶ್ರೀ ಈಗ ಪುತ್ತೂರಿನಲ್ಲಿ ಬಿ.ಎಡ್. ಓದುತ್ತಾಳೆ, ರಜೆಗೆ ಮನೆಗೆ ಬಂದಿದ್ದಳು. ಅಪ್ಪನ ಹಳೆಯ ಅಂಗಿ ತೊಟ್ಟು, ಸೊಸೈಟಿಯಿಂದ ತಂದ ಉದ್ದದ ಕಾರ್ಬನ್ ದೋಟಿ ಹೊತ್ತುಕೊಂಡು ಮರದ ಬುಡಕ್ಕೆ ಬಂದಳು. ನೆಲದಲ್ಲೇ ನಿಂತು ತುದಿಗೆ ಮದ್ದು ಬಿಡುವ ಕೋಲು ಅದು. ಕಳೆದ ಬೇಸಗೆಯ ಶಿಬಿರದಲ್ಲಿ ಕಲಿತಿದ್ದಳು. ಇವಳಿಂದ ಅರ್ಧ ಮದ್ದು ಆಕಾಶಕ್ಕೆ, ಅರ್ಧ ನನ್ನ ತಲೆಗೆ ಎಂದು ಭಟ್ಟರು ಕೂಗಾಡಿದರು. ಅವಳು ಅಪ್ಪನ ಕಡೆ ತಿರುಗಲೇ ಇಲ್ಲ.

"ನನ್ನ ಒಂದು ವರ್ಷದ ಹಾಜರಿ ನಿಮ್ಮದು ತೀರ್ಥಣ್ಣ," ಎಂದಳು ಮೇಲೆ ನೋಡಿ. "ನಿಮ್ಮ ಇವತ್ತಿನ ಒಂದು ದಿನದ್ದು ನಾನು ಹಾಕ್ತೇನೆ. ಇಳಿಯಿರಿ."

ಅವನು ಇಳಿದ. ಮರದಿಂದ ಮರಕ್ಕೆ ದಾಟಲಿಲ್ಲ, ನೆಲಕ್ಕೇ ಇಳಿದ.

ಅಂದು ಪುತ್ತೂರಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನೂ ಹಾಕಿದ್ದರು. ಎರಡಕ್ಕೆ ಐದು ನಿಮಿಷ ಇರುವಾಗ ತೀರ್ಥರಾಮ ಓಡಿ ಬಂದು ಕಿಟಕಿಯ ಪಕ್ಕ ಕೂತ. ಕಿವಿಯ ಹಿಂದೆ ಮದ್ದಿನ ನೀಲಿ ಹಾಗೆಯೇ ಇತ್ತು. ಪರೀಕ್ಷೆಯ ಕೋಣೆಯಲ್ಲಿ ಹೆಸರು ಕೂಗುವ ಕ್ರಮ ಇಲ್ಲ, ಹಾಲ್ ಟಿಕೆಟ್ ನೋಡಿ ಸಹಿ ಹಾಕಿಸಿಕೊಂಡರೆ ಆಯಿತು. ಆದರೂ ನಾನು ಹಾಳೆ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಕೂಗಿದೆ.

"ತೀರ್ಥರಾಮ."

ಅವನು ಅಲುಗಲಿಲ್ಲ. ಬೇರೆ ಯಾರನ್ನೋ ಕರೆದದ್ದು ಎಂಬಂತೆ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ನನ್ನ ಕ್ಲಾಸಿನಲ್ಲಿ ಆ ಹೆಸರನ್ನು ನಾನು ಯಾವತ್ತೂ ಕೂಗಿರಲಿಲ್ಲ. ಮತ್ತೊಮ್ಮೆ ಕೂಗಿದೆ.

ಅವನು ತಲೆಯೆತ್ತಿದ. ಆಮೇಲೆ ಬೆಂಚು ಕಿರ್ರೆನ್ನುವಂತೆ ಎದ್ದು ನಿಂತು, ಮರದ ತುದಿಯಿಂದ ಬುಡಕ್ಕೆ ಕೇಳಿಸುವಷ್ಟು ದೊಡ್ಡ ದನಿಯಲ್ಲಿ, "ಪ್ರೆಸೆಂಟ್ ಸರ್" ಎಂದ.