ಅವರ ಸೊಸೆ, ನನ್ನ ಓಟ

ಹುಮನಾಬಾದ್ ಬೈಪಾಸಿನತ್ತ ಬೆಳಿಗ್ಗೆ ನನ್ನ ಪಾಡಿಗೆ ನಾನು ಓಡುತ್ತಿದ್ದೆ. ನಮ್ಮ ಓಣಿಯ ಕಿರಾಣಿ ಅಂಗಡಿಯವರು ಬೈಕನ್ನು ಪಕ್ಕಕ್ಕೇ ತಂದು ನನ್ನಷ್ಟೇ ನಿಧಾನ ಮಾಡಿದರು.

“ಟೀಚರ್, ನಮ್ಮ ಸೊಸಿ ಇಷ್ಟೊತ್ತಿಗೆ ಬೈಪಾಸ್ ಮುಟ್ಟಿ ವಾಪಸ್ ಬಂದಿರ್ತಾಳ್ರಿ. ನೀವು ಹಿಂಗ ಓಡಿದ್ರ ಮುಟ್ಟೋದು ಯಾವಾಗ?”

ನಲವತ್ತಾರನೇ ವಯಸ್ಸಿನಲ್ಲಿ ಖುಷಿಗೆಂದು ಬೂಟು ಕಟ್ಟಿದವಳಿಗೆ ಇದೆಂಥ ಪರೀಕ್ಷೆ? ನಿಂತುಬಿಟ್ಟೆ. “ಎಲ್ಲಿಗೆ ಮುಟ್ಟಬೇಕ್ರಿ? ನಾ ತಿರುಗಿ ನಮ್ಮ ಮನಿಗೇ ಹೋಗಾಕಿ!” ಎಂದೆ. ಅವರು ನಗುತ್ತಾ ಹೊರಟುಹೋದರು. ನಾನು ಅಲ್ಲಿಂದಲೇ ಮನೆಯತ್ತ ತಿರುಗಿ ಓಡಿದೆ.

ಸಿಟ್ಟು ಅವರ ಮೇಲಷ್ಟೇ ಉಳಿದಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ಏದುಸಿರು ಬಿಡುತ್ತಾ ಫೋನಿನಲ್ಲಿ ಸಮಯ ನೋಡಿದಾಗ ನನ್ನ ಮೇಲೇ ಉರಿದುಹೋಯಿತು. ಆ ಸೊಸೆ ಅವರ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳೋ ಏನೋ. ನಾನು ಮಾತ್ರ ದಾರಿಯುದ್ದಕ್ಕೂ ಅವಳನ್ನು ಹಿಂದೆ ಹಾಕಲೆಂದೇ ಓಡಿದ್ದೆ.