ಗಿರಿಯಮ್ಮನ ಹೆಸರಿಗೆ ಓ ಎಂದವಳು

ಅರವತ್ತೆರಡನೆಯ ಇಸವಿಯ ಕಾರ್ತಿಕ, ಕೋಳಿ ಕೂಗುವ ಹೊತ್ತು. ದಾವಣಗೆರೆಯ ಒಂದು ಹತ್ತಿ ಗಿರಣಿಯ ಹಿತ್ತಲಲ್ಲಿ ಗೋದಾಮಿನ ಕೆಲಸ ಶುರುವಾಯಿತು. ಹರಿಹರದ ಮೇಸ್ತ್ರಿ ಕೆಂಚವೀರಪ್ಪ ಅರೆದ ಗಾರೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ಕರಕರ ಎಂದರೆ, "ಇನ್ನೊಂದು ಸುತ್ತು ಅರೀರಿ" ಎನ್ನುತ್ತಾರೆ, ಅಷ್ಟೆ. ಇವರು ಕಟ್ಟಿದ ಗೋಡೆಗಳು ಎಷ್ಟೋ. ಒಂದರ ಮೇಲೂ ಇವರ ಹೆಸರಿಲ್ಲ.

ಆಳುಗಳು ಹತ್ತು ಹನ್ನೆರಡು ಮಂದಿ, ಎಲ್ಲ ನೆಂಟರು, ನೆರೆಯವರು. ಅವರಲ್ಲೊಂದು ಹಳೆಯ ಕ್ರಮವಿದೆ. ಒಬ್ಬರು ಬಿದ್ದರೆ, ಜ್ವರ ಬಂದು ಮಲಗಿದರೆ, ಮನೆಯ ಇನ್ನೊಬ್ಬರು ಬಂದು ಅವರ ಬುಟ್ಟಿ ಹೊರುತ್ತಾರೆ. ಅವರ ಹೆಸರು ಕರೆದರೆ ಇವರೇ ಓ ಎನ್ನುತ್ತಾರೆ. ಕೂಲಿ ಮಲಗಿದವರ ಮನೆಗೆ ಹೋಗುತ್ತದೆ.

ಕೆಲಸ ಅರ್ಧಕ್ಕೆ ಬಂದಾಗ ಗಿರಣಿಯ ಗುಮಾಸ್ತ ರಾಮಚಂದ್ರಪ್ಪ ಹೊಸ ಮಾತು ತಂದರು. ಆವರಣದೊಳಗೆ ದುಡಿಯುವ ಹೊರಗಿನವರಿಗೂ ಆರೋಗ್ಯ ವಿಮೆ ಕಡ್ಡಾಯ. ಕೂಲಿಯಲ್ಲಿ ಸ್ವಲ್ಪ ಹಿಡಿಯುತ್ತಾರೆ, ಮೇಸ್ತ್ರಿಯೂ ತನ್ನ ಪಾಲು ಕೊಡಬೇಕು. ಗುತ್ತಿಗೆ ಮಾತಾಡಿದಾಗ ಇದರ ಸುದ್ದಿಯೇ ಇರಲಿಲ್ಲ.

"ಗಟ್ಟಿ ಇದ್ದೋರ ಕೂಲ್ಯಾಗ ಔಷಧಿಗೆ ಯಾಕ ಹಿಡೀತೀರಿ?"

"ಸರ್ಕಾರದ್ದು ಮೇಸ್ತ್ರಿ. ಬಿದ್ರೆ ಡಾಕ್ಟ್ರು ಪುಕ್ಕಟೆ, ಮನ್ಯಾಗ ಕೂತ್ರೂ ದುಡ್ಡು."

"ಕೂತೋರಿಗೆ ದುಡ್ಡು ಕೊಡೋರು ಯಾರದಾರ್ರಿ? ಏನೋ ಐತೆ ಇದರಾಗ."

ಗಾರೆ ಅರೆಯುವ ಮುದುಕಿ ರಂಗವ್ವ ಕೂಗಿದಳು: "ಹೆಸರು ಬರಕೊಂಡು ನಮ್ಮನ್ನ ಎಲ್ಲಿಗೆ ಸಾಗಿಸ್ತಾರೋ ಕೇಳ್ರಿ ಮೊದಲು!"

"ನಿನ್ನ ಒಯ್ದು ಏನ್ ಮಾಡ್ತಾರಬೇ, ಊಟಕ್ಕೆ ಹಾಕಬೇಕಲ್ಲ!" ಎಂದರು ಮೇಸ್ತ್ರಿ. ಎಲ್ಲರೂ ನಕ್ಕರು. ಒಬ್ಬರಿಗೂ ನಂಬಿಕೆ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬುಟ್ಟಿ ಹೊರುವ ಆಳು ಗಿರಿಯಮ್ಮ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಮುಂಗೈ ಮುರಿದುಕೊಂಡಳು. ವಿಮೆಯ ಡಾಕ್ಟರು ಕಾಸು ಕೇಳದೆ ಕಟ್ಟು ಹಾಕಿದರು. ಮೇಸ್ತ್ರಿಯ ಅನುಮಾನ ಆಗ ಇನ್ನೂ ಹೆಚ್ಚಾಯಿತು. ಮರುದಿನ, ಹಳೆಯ ಕ್ರಮದಂತೆ, ಗಿರಿಯಮ್ಮನ ತಂಗಿ ಭೀಮವ್ವ ಬಂದಳು. ಗೇಟಿನಲ್ಲಿ ಗಿರಿಯಮ್ಮ ಎಂದು ಕೂಗಿದರು, ಓ ಎಂದಳು.

ಅದೇ ತಪ್ಪಾಯಿತು. ವಿಮೆಯವರು ಬಂದು ವಿಚಾರಿಸಿದರೆ, ಗೇಟಿನ ಹಾಜರಿಯ ಪ್ರಕಾರ ಗಿರಿಯಮ್ಮ ದಿನಾ ಕೆಲಸಕ್ಕೆ ಬರುತ್ತಿದ್ದಾಳೆ! ಕೈ ಮುರಿದವಳು ಬುಟ್ಟಿ ಹೊರುವುದು ಹೇಗೆ? ಅವಳ ದುಡ್ಡು ತಡೆದರು.

"ಸುಮ್ನಿರು ಮೇಸ್ತ್ರಿ," ಎಂದರು ರಾಮಚಂದ್ರಪ್ಪ. "ಬದಲಿ ಬಂದಾಳ ಅಂದ್ರೆ ಮೋಸ ಅಂತಾರೆ. ನಿನ್ನ ಗುತ್ತಿಗೆ ಹೋಗ್ತೈತೆ."

"ಸುಮ್ನಿದ್ರೆ ಗಿರಿಯಮ್ಮ ಸುಳ್ಳಿ ಆಗ್ತಾಳಲ್ರಿ."

ಕೆಂಚವೀರಪ್ಪ ತಾವೇ ವಿಮೆಯವರ ಹತ್ತಿರ ಹೋಗಿ ಇದ್ದದ್ದು ಹೇಳಿದರು. ಗಿರಿಯಮ್ಮನ ದುಡ್ಡು ಬಂತು, ಗುತ್ತಿಗೆ ಹೋಯಿತು.

ಈಗಲಾದರೂ ವಿಮೆಯನ್ನು ನಂಬುತ್ತೀರಾ ಎಂದರೆ ಮೇಸ್ತ್ರಿ ಇಲ್ಲವೆಂದು ತಲೆಯಾಡಿಸುತ್ತಾರೆ. "ದುಡ್ಡು ಬಂತು, ಖರೆ. ಆದ್ರ ಅಕ್ಕನ ಬುಟ್ಟಿ ತಂಗಿ ಹೊರೋದು ಮೋಸ ಅಂತ ಹೇಳೋ ಕಾನೂನು ನಂಗೆ ಹೆಂಗ ತಿಳೀಬೇಕ್ರಿ? ನನ್ನ ಗ್ವಾಡೆಗೆ ತೂಗುಗುಂಡು ಬಿಟ್ಟು ನೋಡ್ರಿ. ಅದರಾಗ ಅನುಮಾನ ಬ್ಯಾಡ."

ಸಾಮಾನು ಹೊತ್ತು ಹೊರಡುವಾಗ ಕಾವಲುಗಾರ ಒಬ್ಬೊಬ್ಬರ ಹೆಸರು ಕೂಗಿ ಹೊರಗೆ ಬಿಟ್ಟ. ರೂಢಿಯಂತೆ ಗಿರಿಯಮ್ಮ ಎಂದೂ ಕೂಗಿದ. ಭೀಮವ್ವ ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು, ಓ ಎನ್ನದೆ ಗೇಟು ದಾಟಿದಳು. ಅಂದು ಯುಗಾದಿಯ ಹಿಂದಿನ ಬುಧವಾರ.